‘ಅಮ್ಮಾ’ ಅಂದರೆ ಯಾರು? ಕರ್ಜಗಿಯ ಒಂದು ಸಂಜೆಯ ಹನ್ನೆರಡು ಸಾಲಿಗೆ ವ್ಯಾಖ್ಯಾನ

ಕಾರಹುಣ್ಣಿಮೆಗೆ ಊರಿಗೆ ಹೋದಾಗ ಬರೆದ ಹನ್ನೆರಡು ಸಾಲುಗಳಿವು. ಊರು ಕರ್ಜಗಿ, ಹಾವೇರಿ ತಾಲೂಕು. ಹುಬ್ಬಳ್ಳಿಯಲ್ಲಿ ರೈಲು ಹತ್ತಿದರೆ ಹಾವೇರಿಗಿಂತ ಮೊದಲು ಸಿಗುವ ನಿಲ್ದಾಣ. ನಾನು ಧಾರವಾಡದಲ್ಲಿ ಜಾಹೀರಾತು ವಿಷಯ ಓದುತ್ತಿದ್ದೇನೆ. ಒಂದು ಸಂಜೆ ಏಳರಿಂದ ಹತ್ತರವರೆಗೆ ಮನೆಯ ಟಿವಿಯಲ್ಲಿ ಬಂದ ಜಾಹೀರಾತುಗಳನ್ನೆಲ್ಲ ಪಟ್ಟಿ ಮಾಡಿ, ಯಾವುದು ಯಾರಿಗಾಗಿ ಮಾಡಿದ್ದು ಎಂದು ಎದುರಿಗೆ ಬರೆಯಬೇಕು ಎಂಬುದು ತರಗತಿಯಲ್ಲಿ ಕೊಟ್ಟ ಕೆಲಸ. ಪಟ್ಟಿ ಮುಗಿಯಿತು, ಒಪ್ಪಿಸಿದೆ. ಪುಟದ ಅಂಚಿನಲ್ಲಿ ಮಾತ್ರ, ಪಟ್ಟಿಗೆ ಸೇರದ ಈ ಸಾಲುಗಳು ಉಳಿದುಕೊಂಡವು.

ಶ್ರಾವಣದಲ್ಲಿ ನಮ್ಮ ಕಡೆ ಪುರಾಣ ಹಚ್ಚುತ್ತಾರೆ. ಒಬ್ಬರು ಪದ್ಯ ಓದುತ್ತಾರೆ. ಇನ್ನೊಬ್ಬರು ಅದನ್ನು ಬಿಡಿಸಿ, ಪದಕ್ಕೆ ಪದ ಅರ್ಥ ಹೇಳಿ, ನಡುವೆ ಊರ ಕಥೆಯೊಂದನ್ನು ಸೇರಿಸಿ ಮುಂದಕ್ಕೆ ಹೋಗುತ್ತಾರೆ. ಅದೇ ಕ್ರಮದಲ್ಲಿ ನನ್ನ ಸಾಲುಗಳನ್ನು ನಾನೇ ಬಿಡಿಸಿ ನೋಡುತ್ತಿದ್ದೇನೆ.

1. ಏಳಕ್ಕೆ ಅಮ್ಮ ಟಿವಿ ಮುಂದೆ ಕೂತಳು; ಟಿವಿ ಮತ್ಯಾರನ್ನೋ ಕರೆಯಿತು.

ಮೊದಲು ‘ಅಮ್ಮ’ ಎಂಬ ಪದ. ನಮ್ಮ ಮನೆಯಲ್ಲಿ ಹೆತ್ತವಳು ಅವ್ವ. ಅಮ್ಮ ಎಂದರೆ ಅಪ್ಪನ ತಾಯಿ. ಓಣಿಯ ಎಷ್ಟೋ ಮನೆಗಳಲ್ಲಿ ಹೀಗೇ. ಟಿವಿಯ ಕನ್ನಡದಲ್ಲಿ ಅಮ್ಮ ಎಂದರೆ ಮೂವತ್ತರ ಆಸುಪಾಸಿನ, ಇಸ್ತ್ರಿ ಮಾಡಿದ ಕುರ್ತಾ ತೊಟ್ಟು, ಬೆಳಕು ತುಂಬಿದ ಅಡುಗೆಮನೆಯಲ್ಲಿ ನಿಂತ ಹೆಂಗಸು. ಶಾಲೆಯಿಂದ ಬಂದ ಹುಡುಗ ಚೀಲ ಎಸೆದು ‘ಅಮ್ಮಾ, ಹಸಿವು!’ ಎಂದರೆ ಅವಳು ತಿರುಗಬೇಕು. ಆ ಸಂಜೆ ಹುಡುಗ ಕೂಗಿದಾಗ ತಿರುಗಿದ್ದು ನಮ್ಮಮ್ಮ. ಬಿತ್ತನೆಗೆಂದು ಶೇಂಗಾ ಸುಲಿಯುತ್ತ ಕೂತವಳು ಮೊರದಿಂದ ತಲೆ ಎತ್ತಿ ‘ಏನಪಾ’ ಅಂದಳು. ಪರದೆಯ ಮೇಲೆ ಅಷ್ಟರಲ್ಲೇ ನೂಡಲ್ಸ್ ಕುದಿಯುತ್ತಿತ್ತು. ಅಮ್ಮ ಮತ್ತೆ ಮೊರಕ್ಕೆ ತಲೆ ಬಗ್ಗಿಸಿದಳು. ಈ ಸಾಲು ಹುಟ್ಟಿದ್ದು ಅಲ್ಲಿ. ಉಳಿದ ಹನ್ನೊಂದೂ ಅದರ ಬೆನ್ನಿಗೇ ಬಂದವು.

‘ಜಾಹೀರಾತು’ ಅರಬ್ಬಿಯ ‘ಜಾಹಿರ್’ ಪದದಿಂದ ಬಂದು ಮರಾಠಿಯ ದಾರಿಯಲ್ಲಿ ನಮ್ಮನ್ನು ಸೇರಿದ ಮಾತು. ಎಲ್ಲರಿಗೂ ಬಯಲಾದದ್ದು, ಎದ್ದು ಕಾಣುವುದು ಎಂದು ಅರ್ಥ. ಊರಲ್ಲಿ ಅದಕ್ಕಿದ್ದ ಹಳೆಯ ಪದ್ಧತಿ ಡಂಗುರ. ಡಂಗುರದವನು ಪ್ರತಿ ಓಣಿಯ ಬಾಯಲ್ಲಿ ನಿಂತು ಹಲಗೆ ಬಡಿದು ಸಾರುತ್ತಿದ್ದ. ಮುದುಕರಿಗೊಂದು, ಸೊಸೆಯಂದಿರಿಗೊಂದು ಎಂದು ಬೇರೆ ಬೇರೆ ಡಂಗುರ ಇರಲಿಲ್ಲ.

ಟಿವಿಯೂ ಮೊದಲು ಹೆಚ್ಚುಕಡಿಮೆ ಹಾಗೇ ಇತ್ತು. ದೂರದರ್ಶನದಲ್ಲಿ ಜಾಹೀರಾತು ಶುರುವಾದದ್ದು 1976ರ ಜನವರಿ 1ರಂದು. ಬೆಂಗಳೂರು ದೂರದರ್ಶನ ಕೇಂದ್ರ ಹುಟ್ಟಿದ್ದು 1981ರ ನವೆಂಬರಿನಲ್ಲಿ. 1987ರಲ್ಲಿ ‘ರಾಮಾಯಣ’ ಬಂದಾಗ ಊರಲ್ಲಿ ಟಿವಿ ಇದ್ದ ಮನೆಯ ಪಡಸಾಲೆಯಲ್ಲಿ ಅರ್ಧ ಓಣಿಯೇ ಕೂರುತ್ತಿತ್ತು ಎಂದು ಅಮ್ಮ ಹೇಳುತ್ತಾಳೆ. ಇದ್ದದ್ದು ಒಂದೇ ಚಾನೆಲ್, ಆದ್ದರಿಂದ ಮುದುಕರು, ಮಕ್ಕಳು, ಆಳು, ಗೌಡ ಎಲ್ಲರೂ ನೋಡಿದ್ದು ಒಂದೇ ಸಾಬೂನು. 1994ರಲ್ಲಿ ಉದಯ ಬಂತು, 2000ದಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ, 2007ರಲ್ಲಿ ಸುವರ್ಣ. ಚಾನೆಲ್ ಹೆಚ್ಚಿದಂತೆ ಮನೆ ಒಡೆಯಿತು ಎನ್ನಲಾರೆ, ಹೊತ್ತು ಒಡೆಯಿತು. ಧಾರಾವಾಹಿಯ ಹೊತ್ತು ಹೆಂಗಸರದು, ಸುದ್ದಿಯ ಹೊತ್ತು ಗಂಡಸರದು, ಕಾರ್ಟೂನಿನ ಹೊತ್ತು ಮಕ್ಕಳದು. ನೋಡುಗರನ್ನು ಹೀಗೆ ಪಾಲು ಮಾಡಿದ ಮೇಲೆ, ಪ್ರತಿ ಪಾಲಿಗೂ ಬೇರೆ ದನಿಯಲ್ಲಿ ಮಾತಾಡುವುದೇ ನನ್ನ ಓದಿನ ವಿಷಯವಾಯಿತು.

2. ಗುರಿ: ಗೃಹಿಣಿ, 25ರಿಂದ 44. ಅಮ್ಮನಿಗೆ 74.

‘ಗುರಿ’ ಎಂದರೆ ಬಾಣ ನಾಟಬೇಕಾದ ಜಾಗ. ನಮ್ಮ ತರಗತಿಯಲ್ಲಿ ಅತಿ ಹೆಚ್ಚು ಬಳಕೆಯಾಗುವ ಪದ ಅದೇ. ‘ಗುರಿ ಪ್ರೇಕ್ಷಕರು’ ಎಂದು ಬರೆದು ಎರಡು ಚುಕ್ಕಿ ಇಟ್ಟರೆ ಮುಂದೆ ಗಂಡೋ ಹೆಣ್ಣೋ, ವಯಸ್ಸೆಷ್ಟು, ಪೇಟೆಯೋ ಹಳ್ಳಿಯೋ, ಆದಾಯದ ದರ್ಜೆ ಯಾವುದು ಎಂದು ತುಂಬಬೇಕು. ಈ ಸಾಲಿನ ಮೊದಲ ಅರ್ಧ ಅಂಥ ಅಭ್ಯಾಸವೊಂದರಲ್ಲಿ ನಾನೇ ತುಂಬಿದ್ದು.

ಯಾರು ಏನು ನೋಡುತ್ತಾರೆ ಎಂದು ಅಳೆಯುವ ಸಂಸ್ಥೆ ಬಾರ್ಕ್. ಆರಿಸಿದ ಮನೆಗಳ ಟಿವಿಗೆ ಒಂದು ಮೀಟರು ಕೂರಿಸುತ್ತಾರೆ. ಕಾರ್ಯಕ್ರಮದ ದನಿಯೊಳಗೆ ನಮ್ಮ ಕಿವಿಗೆ ಬೀಳದಂತೆ ಅಡಗಿಸಿಟ್ಟ ಗುರುತನ್ನು ಅದು ಹಿಡಿಯುತ್ತದೆ. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಗುಂಡಿ. ನೋಡಲು ಕೂತಾಗ ಅವರವರ ಗುಂಡಿ ಒತ್ತಬೇಕು. ದೇಶಕ್ಕೆಲ್ಲ ಸೇರಿ ಇಂಥ ಮನೆಗಳು ಅರ್ಧ ಲಕ್ಷಕ್ಕೆ ಸ್ವಲ್ಪ ಮೇಲೆ. ಯಾರ ಮನೆಯಲ್ಲಿ ಮೀಟರು ಇದೆ ಎಂಬುದು ಗುಟ್ಟು. ಬಾರ್ಕ್ ಲೆಕ್ಕ ಕೊಡಲು ಶುರುಮಾಡಿದ್ದು 2015ರಲ್ಲಿ, ಹಳ್ಳಿಗಳು ಅದರೊಳಗೆ ಬಂದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಅದಕ್ಕೂ ಮುಂಚಿನ ಲೆಕ್ಕ ಬರೀ ಪೇಟೆಯದು. ಅಂದರೆ ಅಮ್ಮ ‘ರಾಮಾಯಣ’ದಿಂದ ಹಿಡಿದು ಸುಮಾರು ಮೂವತ್ತು ವರ್ಷ ಟಿವಿ ನೋಡಿದ ಮೇಲೆ, ಅವಳಂಥವರು ನೋಡುತ್ತಾರೆ ಎಂಬುದು ಪುಸ್ತಕಕ್ಕೆ ಏರಿತು.

ಏರಿದರೂ ಗುರಿಯಾಗಲಿಲ್ಲ. ಈ ವೃತ್ತಿಯಲ್ಲಿ ಬೇರೂರಿದ ನಂಬಿಕೆಯೊಂದಿದೆ: ಸಾಬೂನು, ಪೇಸ್ಟು, ಎಣ್ಣೆಯ ರೂಢಿ ಎಳೆಯ ವಯಸ್ಸಿನಲ್ಲಿ ಕೂರುತ್ತದೆ, ಮುದುಕರು ಬದಲಾಗುವುದಿಲ್ಲ, ಅವರ ಮೇಲೆ ಹಣ ಸುರಿಯುವುದು ವ್ಯರ್ಥ. ಅಮ್ಮನನ್ನು ನೋಡಿದ ನನಗೆ ಇದನ್ನು ಒಪ್ಪಲು ಆಗುವುದಿಲ್ಲ. ಅರವತ್ತು ದಾಟಿದ ಮೇಲೆ ಅವಳು ಒಲೆಯಿಂದ ಗ್ಯಾಸಿಗೆ ಬಂದಳು. ಇದ್ದಿಲ ಪುಡಿ ಬಿಟ್ಟು ಪೇಸ್ಟು ಹಿಡಿದಳು. ಸೀಗೆಕಾಯಿ ಬಿಟ್ಟು ಶಾಂಪೂ ಹಚ್ಚಿಕೊಂಡಳು. ಕಲ್ಲುಪ್ಪು ಹೋಗಿ ಪುಡಿ ಉಪ್ಪು ಬಂತು. ಯಾವ ಇಪ್ಪತ್ತೈದರ ಗೃಹಿಣಿಯ ಜೀವನದಲ್ಲೂ ಇಷ್ಟು ರೂಢಿ ಬದಲಾಗಿರಲಾರದು.

3. ಫ್ಯಾನಿಗೆ ಒಂದು ಅಂಕ, ಫ್ರಿಜ್ಜಿಗೆ ಒಂದು, ಹೊಲಕ್ಕೊಂದು, ಎತ್ತಿಗೆ ಇಲ್ಲ.

ಮನೆಗೆ ದರ್ಜೆ ಕೊಡುವ ಒಂದು ಪದ್ಧತಿ 2011ರಿಂದ ನಡೆದುಬಂದಿದೆ. ಎರಡೇ ಪ್ರಶ್ನೆ. ಮನೆಗೆ ಮುಖ್ಯವಾಗಿ ದುಡಿದು ಹಾಕುವವರು ಎಷ್ಟು ಓದಿದ್ದಾರೆ? ಹನ್ನೊಂದು ವಸ್ತುಗಳಲ್ಲಿ ಎಷ್ಟು ಮನೆಯಲ್ಲಿವೆ? ವಿದ್ಯುತ್ ಸಂಪರ್ಕ, ಸೀಲಿಂಗ್ ಫ್ಯಾನು, ಗ್ಯಾಸ್ ಒಲೆ, ಬೈಕು ಅಥವಾ ಸ್ಕೂಟರು, ಕಲರ್ ಟಿವಿ, ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ, ಕಂಪ್ಯೂಟರು, ಕಾರು, ಏಸಿ, ಕೃಷಿ ಭೂಮಿ. ಎರಡರ ಉತ್ತರವನ್ನೂ ಒಂದು ಚೌಕದಲ್ಲಿ ಕೂಡಿಸಿದರೆ ಏ1ರಿಂದ ಇ3ರವರೆಗಿನ ಹನ್ನೆರಡು ದರ್ಜೆಗಳಲ್ಲಿ ಒಂದು ಸಿಗುತ್ತದೆ.

ಕೂತಲ್ಲೇ ಎಣಿಸಿದೆ. ಕರೆಂಟು, ಫ್ಯಾನು, ಗ್ಯಾಸು, ಅಪ್ಪನ ಬೈಕು, ಟಿವಿ, ಫ್ರಿಜ್ಜು, ಹೊಲ: ಏಳು. ಅಪ್ಪ ಓದಿದ್ದು ಏಳನೆಯ ತರಗತಿ. ಗೋಡೆಯ ಆಚೆ ದನದ ಕೊಟ್ಟಿಗೆಯಲ್ಲಿ ಎರಡು ಎತ್ತು ಗಂಟೆ ಅಲುಗಾಡಿಸುತ್ತ ನಿಂತಿದ್ದವು. ಕಾರಹುಣ್ಣಿಮೆಗೆ ಕೊಂಬಿಗೆ ಬಣ್ಣ ಬಳಿದು, ಮೈಮೇಲೆ ಝೂಲಾ ಹೊದಿಸಿ, ಊರೆಲ್ಲ ನೋಡುವಂತೆ ಓಡಿಸಿದ ಎತ್ತುಗಳು. ಕರ್ಜಗಿಯ ಕಾರಹುಣ್ಣಿಮೆ ನೋಡಲು ಸುತ್ತಲಿನ ಹಳ್ಳಿಗಳಿಂದ ಜನ ಬರುತ್ತಾರೆ. ಯಾವ ಮನೆ ಎಂಥದ್ದು ಎಂದು ಆ ದಿನ ಎತ್ತು ನೋಡಿ ಹೇಳುತ್ತಾರೆ. ಹನ್ನೊಂದರ ಪಟ್ಟಿಯಲ್ಲಿ ಎತ್ತಿಲ್ಲ, ಎಮ್ಮೆಯಿಲ್ಲ, ಬೋರ್‌ವೆಲ್ಲಿಲ್ಲ, ಟ್ರ್ಯಾಕ್ಟರೂ ಇಲ್ಲ. ಎರಡು ಎಕರೆಗೂ ಇಪ್ಪತ್ತು ಎಕರೆಗೂ ಒಂದೇ ಅಂಕ. ಪಟ್ಟಿ ಮಾಡಿದವರನ್ನು ದೂರುತ್ತಿಲ್ಲ. ಸಮೀಕ್ಷೆಗೆ ಬಂದವರು ಬಾಗಿಲಲ್ಲಿ ನಿಂತು ಎರಡು ನಿಮಿಷದಲ್ಲಿ ಕೇಳಿ ಹೋಗುವಂಥ ಪ್ರಶ್ನೆಗಳೇ ಬೇಕು, ಅದು ನನಗೂ ಗೊತ್ತು. ಆದರೆ ಮನೆಯ ದೊಡ್ಡಸ್ತಿಕೆ ಕೊಟ್ಟಿಗೆಯಲ್ಲಿರುವ ಊರಿನಲ್ಲಿ ಅಡುಗೆಮನೆಯನ್ನಷ್ಟೇ ಎಣಿಸಿದರೆ ಸಿಗುವ ಚಿತ್ರ ಅರ್ಧ.

ಈಚೆಗೆ ಹೊಸ ಪದ್ಧತಿಯೊಂದು ಬಂದಿದೆ. ಅದರಲ್ಲಿ ವಸ್ತುಗಳ ಲೆಕ್ಕವೇ ಇಲ್ಲ. ದುಡಿಯುವವರ ಕಸುಬು, ಮನೆಯಲ್ಲಿ ಹೆಚ್ಚು ಓದಿದ ಗಂಡಸಿನ ಓದು, ಹೆಚ್ಚು ಓದಿದ ಹೆಂಗಸಿನ ಓದು, ಈ ಮೂರನ್ನು ಕೇಳುತ್ತಾರೆ. ತರಗತಿಯಲ್ಲಿ ಇದನ್ನು ಕೇಳಿದ ದಿನ ನನಗೆ ಬಹಳ ಸಂತೋಷವಾಯಿತು. ಹೆಂಗಸಿನ ಓದಿಗೆ ಮನೆಯ ದರ್ಜೆಯನ್ನು ಎತ್ತುವ ತೂಕ ಇದೆ ಎಂದು ಒಂದು ವ್ಯಾಪಾರದ ಪಟ್ಟಿ ಒಪ್ಪಿಕೊಂಡಿತು. ನಮ್ಮ ಮನೆಯಲ್ಲಿ ಹೆಚ್ಚು ಓದಿದ ಹೆಂಗಸು ನಾನು.

4. ಬಾಟಲಿ ಟಿವಿಯಲ್ಲಿ, ಪಾಕೀಟು ಅಂಗಡಿಯಲ್ಲಿ.

ಟಿವಿಯಲ್ಲಿ ಶಾಂಪೂ ಎಂದರೆ ಮೊಳದುದ್ದದ ಬಾಟಲಿ. ನಮ್ಮ ಓಣಿಯ ಅಂಗಡಿಯಲ್ಲಿ ಶಾಂಪೂ ಎಂದರೆ ಬಾಗಿಲ ಚೌಕಟ್ಟಿನಿಂದ ತೋರಣದ ಹಾಗೆ ಇಳಿಬಿಟ್ಟ ಪಾಕೀಟಿನ ಸರ. ಶನಿವಾರ ಸಂಜೆ ಆ ಸರ ಕುಗ್ಗುತ್ತ ಬರುತ್ತದೆ. ಭಾನುವಾರ ಮನೆಮಂದಿಯೆಲ್ಲ ಎರೆದುಕೊಳ್ಳುವ ದಿನ. ಅಮ್ಮ ಪಾಕೀಟಿನ ಮೂಲೆಯನ್ನು ಹಲ್ಲಿಂದ ಕಚ್ಚಿ ಹರಿದು, ಅರ್ಧ ಹಿಂಡಿಕೊಂಡು, ಉಳಿದರ್ಧ ಚೆಲ್ಲದಂತೆ ಬಾಯಿ ಮಡಿಚಿ ಬಚ್ಚಲ ಗೂಡಿನಲ್ಲಿ ನನ್ನ ತಂಗಿಗೆಂದು ಇಡುತ್ತಾಳೆ.

ಈ ಪಾಕೀಟು ನಮ್ಮ ಪಕ್ಕದ ತಮಿಳುನಾಡಿನ ಕೊಡುಗೆ. ಕಡಲೂರಿನ ಚಿನ್ನಿ ಕೃಷ್ಣನ್ ಎಂಬುವರು ಶಾಂಪೂವನ್ನು ಸಣ್ಣ ಪಾಕೀಟಿನಲ್ಲಿ ತುಂಬಿ ಮಾರಿದರು. ಕೂಲಿಯವರಿಗೂ ಶ್ರೀಮಂತರಿಗೂ ಒಂದೇ ಸರಕು ಸಿಗಬೇಕು ಎಂಬುದು ಅವರ ಹಂಬಲವಾಗಿತ್ತು. ಅವರ ಮಗ ಸಿ.ಕೆ. ರಂಗನಾಥನ್ 1983ರಲ್ಲಿ ಚಿಕ್ ಶಾಂಪೂ ಶುರುಮಾಡಿ ಅದನ್ನು ದಕ್ಷಿಣದ ಹಳ್ಳಿಹಳ್ಳಿಗೆ ಒಯ್ದರು. ದೊಡ್ಡ ಕಂಪನಿಗಳು ಆಮೇಲೆ ಅದೇ ದಾರಿ ಹಿಡಿದವು. ಜಾಹೀರಾತು ಬಾಟಲಿಯವರನ್ನು ತೋರಿಸುತ್ತದೆ, ದುಡ್ಡು ಪಾಕೀಟಿನವರಿಂದಲೂ ಬರುತ್ತದೆ. ಕೊಳ್ಳುವವರಿದ್ದಾರೆ, ಅವರ ಮುಖ ಪರದೆಯ ಮೇಲಿಲ್ಲ. ಪಾಕೀಟನ್ನು ಹಲ್ಲಿಂದ ಹರಿಯುವವರನ್ನು ಯಾರಾದರೂ ಒಂದು ಸಲ, ಚಂದವಾಗಿ, ಗೌರವದಿಂದ ತೋರಿಸಲಿ ಎಂದು ನನಗಾಸೆ.

5. ತುಟಿ ಹಿಂದಿ, ದನಿ ಬೆಂಗಳೂರು, ಕಿವಿ ಕರ್ಜಗಿ.

ಇದನ್ನು ಬಿಡಿಸಲು ಹೆಚ್ಚು ಹೊತ್ತು ಬೇಕು. ನಾವು ನೋಡುವ ದೊಡ್ಡ ಕಂಪನಿಗಳ ಜಾಹೀರಾತುಗಳಲ್ಲಿ ಬಹುಪಾಲು ಮುಂಬೈಯಲ್ಲಿ ಹಿಂದಿಯಲ್ಲಿ ಹುಟ್ಟುತ್ತವೆ. ಅಷ್ಟೇ ಸೆಕೆಂಡುಗಳಲ್ಲಿ, ಅದೇ ತುಟಿಯ ಚಲನೆಗೆ ಕನ್ನಡದ ದನಿ ಕೂರಿಸುತ್ತಾರೆ. ಕನ್ನಡ ಚಿತ್ರರಂಗ ಡಬ್ಬಿಂಗನ್ನು ದಶಕಗಳ ಕಾಲ ಬಲವಾಗಿ ತಡೆದಿತ್ತು. 2012ರಲ್ಲಿ ಹಿಂದಿಯ ‘ಸತ್ಯಮೇವ ಜಯತೇ’ ಟಿವಿ ಕಾರ್ಯಕ್ರಮ ತಮಿಳು, ತೆಲುಗು, ಮಲಯಾಳಗಳಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗವು ಆ ತಡೆ ಕಾನೂನಿಗೆ ವಿರುದ್ಧ ಎಂದಿತು. ಈ ಎಲ್ಲ ವರ್ಷಗಳಲ್ಲೂ ಯಾರ ಅಡ್ಡಿಯೂ ಇಲ್ಲದೆ ಡಬ್ ಆಗುತ್ತ ಬಂದದ್ದು ಜಾಹೀರಾತು. ಒಂದು ಇಡೀ ತಲೆಮಾರಿಗೆ ಡಬ್ಬಿಂಗ್ ಕನ್ನಡ ಎಂದರೆ ಜಾಹೀರಾತಿನ ಕನ್ನಡವೇ.

ಆ ಕನ್ನಡದ ಒಂದು ಲಕ್ಷಣ, ಕ್ರಿಯಾಪದ ಮೊದಲು ಬರುವುದು. ‘ಈಗ ಪಡೆಯಿರಿ ಎರಡು ಪಟ್ಟು ಹೊಳಪು’ ಎಂಬ ಬಗೆಯ ಮಾತು. ಇದು ಬರೀ ಅಜ್ಞಾನದಿಂದ ಆದದ್ದಲ್ಲ, ಕಾರಣವಿದೆ. ಹಿಂದಿಯ ಮೂಲದಲ್ಲಿ ವಾಕ್ಯದ ಕೊನೆಗೆ ಎಷ್ಟೋ ಸಲ ಸರಕಿನ ಹೆಸರು ಬಂದಿರುತ್ತದೆ. ಸರಿಯಾಗಿ ಆ ಕ್ಷಣಕ್ಕೆ ಡಬ್ಬಿಯ ಚಿತ್ರ ಪರದೆ ತುಂಬುತ್ತದೆ. ಕನ್ನಡದ ಜಾಯಮಾನದಲ್ಲಿ ಕೊನೆಗೆ ಕೂರಬೇಕಾದದ್ದು ಕ್ರಿಯಾಪದ. ಹೆಸರಿಗೆ ಆ ಜಾಗ ಬಿಟ್ಟುಕೊಡಲು ಕ್ರಿಯಾಪದವನ್ನು ಎತ್ತಿ ಮುಂದೆ ಇಡುತ್ತಾರೆ. ಚಿತ್ರ ಮೊದಲೇ ಸಿದ್ಧವಾಗಿರುವುದರಿಂದ ಭಾಷೆಯೇ ಬಗ್ಗಬೇಕು. ಕನ್ನಡದಲ್ಲೇ ಯೋಚಿಸಿ ತೆಗೆದ ಜಾಹೀರಾತಿಗೆ ಈ ಪೇಚಾಟವಿಲ್ಲ. ಡಬ್ಬಿಯನ್ನು ಮೊದಲು ತೋರಿಸಿ ‘ಹಚ್ಚಿ ನೋಡಿ’ ಎಂದು ಮುಗಿಸಬಹುದು. ಅಮ್ಮನಿಗೆ ಇದಾವುದೂ ಗೊತ್ತಿಲ್ಲ. ‘ಹಿಂದಮುಂದ ಮಾತಾಡ್ತಾರ’ ಎಂದಳು. ವ್ಯಾಕರಣ ಓದದವಳ ಕಿವಿ ಹಿಡಿದದ್ದು ಸರಿಯಾಗಿಯೇ ಇತ್ತು.

ಇನ್ನು ‘ದನಿ ಬೆಂಗಳೂರು’. ‘ಪಡೆಯಿರಿ’ ಎಂದು ಕರ್ಜಗಿಯಲ್ಲಿ ಯಾರೂ ಅನ್ನುವುದಿಲ್ಲ, ‘ತಗೋರಿ’ ಅನ್ನುತ್ತಾರೆ. ಮಾರುಕಟ್ಟೆಯ ನಕ್ಷೆಯಲ್ಲಿ ಕರ್ನಾಟಕ ಒಂದೇ ತುಂಡು; ಬೀದರಿಗೂ ಚಾಮರಾಜನಗರಕ್ಕೂ ಒಂದೇ ದನಿ ಹೋಗುತ್ತದೆ. ಎಲ್ಲರಿಗೂ ತಿಳಿಯುವ ಒಂದು ಕನ್ನಡ ಇರಲಿ, ಅದಕ್ಕೆ ನನ್ನ ಆಕ್ಷೇಪವಿಲ್ಲ. ನೋವಾಗುವುದು ಬೇರೆ ಕಡೆ. ನಮ್ಮ ಕಡೆಯ ಮಾತು ಪರದೆಯ ಮೇಲೆ ಬಂದಾಗ ಬಹುಮಟ್ಟಿಗೆ ಅದು ಕೆಲಸದವನ ಬಾಯಲ್ಲಿ, ಮೋಸಹೋಗುವವನ ಬಾಯಲ್ಲಿ, ನಗಿಸುವವನ ಬಾಯಲ್ಲಿ ಬರುತ್ತದೆ. ಜಾಹೀರಾತಿನಲ್ಲಿ ಬುದ್ಧಿ ಹೇಳುವ ಡಾಕ್ಟರು ‘ಹಿಂಗ ಮಾಡ್ರಿ’ ಎಂದದ್ದನ್ನು ನಾನು ಇನ್ನೂ ಒಮ್ಮೆಯೂ ಕೇಳಿಲ್ಲ. ಹಾವೇರಿಯ ಆಸ್ಪತ್ರೆಗಳಲ್ಲಿ ಡಾಕ್ಟರುಗಳು ದಿನವೂ ಹಾಗೇ ಮಾತಾಡುತ್ತಾರೆ.

6. ಕೆಂಪು ನೋಡಿ ಅಮ್ಮ ಅಂದಳು: ಇದು ಬ್ಯಾಡಗಿ ಅಲ್ಲ.

ಮಸಾಲೆ ಪುಡಿಯ ಜಾಹೀರಾತು. ಕೆಂಪು ಮೆಣಸಿನಕಾಯಿಗಳು ನಿಧಾನಗತಿಯಲ್ಲಿ ಮಳೆಯಂತೆ ಬಿದ್ದವು, ಪುಡಿಯಾದವು, ಸಾರು ಕುದಿಯಿತು. ಅಮ್ಮ ಮೊರ ಬಿಟ್ಟು ದಿಟ್ಟಿಸಿ ನೋಡಿದಳು. ತೊಗಟೆ ನುಣ್ಣಗಿತ್ತು. ಬ್ಯಾಡಗಿ ಮೆಣಸಿನಕಾಯಿಯ ಮೈ ಸುಕ್ಕು. ಬಣ್ಣ ಕಡುಗೆಂಪು, ಖಾರ ಕಡಿಮೆ. ಡಬ್ಬಿ, ಕಡ್ಡಿ ಎಂದು ಎರಡು ಜಾತಿ. ರೈಲು ಹಾವೇರಿ ದಾಟಿದರೆ ಬ್ಯಾಡಗಿಯೇ. ಸುಗ್ಗಿಯಲ್ಲಿ ಆ ಪೇಟೆಯಲ್ಲಿ ಇಳಿದವರು ಸೀನದೆ ನಡೆಯಲಾರರು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದರಿಂದ ತೆಗೆಯುವ ಓಲಿಯೋರೆಸಿನ್ ಎಂಬ ಬಣ್ಣದ ಸಾರ ಆಹಾರಕ್ಕೂ ತುಟಿಬಣ್ಣದಂಥ ಸೌಂದರ್ಯದ ಸರಕಿಗೂ ಹೋಗುತ್ತದೆ. ಮಸಾಲೆಯ ಹಿಂದೆಯೇ ಬಂದ ಲಿಪ್‌ಸ್ಟಿಕ್ಕಿನ ಜಾಹೀರಾತು ನೋಡಿ, ಆ ಕೆಂಪಿನಲ್ಲಿ ನಮ್ಮ ಪೇಟೆಯ ಪಾಲೂ ಇರಬಹುದು ಎಂದೆ. ಅಮ್ಮ ನಂಬಲಿಲ್ಲ.

ಮೆಣಸಿನಕಾಯಿಯ ಬಗ್ಗೆ ಈ ಜಿಲ್ಲೆಯ ಹೆಂಗಸರಿಗೆ ಹೇಳಿಕೊಡಬೇಕಾದದ್ದು ಏನೂ ಇಲ್ಲ. ಜಾಹೀರಾತು ಮಾತಾಡುವುದು ಬಿಸಿಲಿಗೆ ಕಾಯಿ ಹರವಲು ಮಾಳಿಗೆ ಇಲ್ಲದ, ಗಿರಣಿಗೆ ಒಯ್ಯಲು ಹೊತ್ತಿಲ್ಲದ ಪೇಟೆಯವರ ಜೊತೆ. ಅದು ಸರಿಯಾದ ಗುರಿಯೇ. ನನ್ನನ್ನು ಕಾಡುವುದು ಇಷ್ಟು: ಆ ಮೂವತ್ತು ಸೆಕೆಂಡಿನಲ್ಲಿ ಬೆಳೆದವರು ಎಲ್ಲೂ ಇಲ್ಲ. 2024ರ ಮಾರ್ಚಿನಲ್ಲಿ ದರ ಕುಸಿದು ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಬೆಂಕಿಯಾಗಿ ಹೊತ್ತಿಕೊಂಡಿತು. ಆ ವಾರವೂ ಟಿವಿಯಲ್ಲಿ ಕೆಂಪು ಮೆಣಸಿನಕಾಯಿ ಅಷ್ಟೇ ಚಂದವಾಗಿ ಉದುರುತ್ತಿತ್ತು.

7. ಏಲಕ್ಕಿ ಅಂದರು, ಅಪ್ಪನಿಗೆ ಗುಟ್ಕಾ ಕಂಡಿತು.

ಹಾವೇರಿ ಏಲಕ್ಕಿ ಮಾಲೆಯ ಊರು. ಏಲಕ್ಕಿ ಇಲ್ಲಿ ಬೆಳೆಯುವುದಿಲ್ಲ, ಮಾಲೆ ಇಲ್ಲಿ ಹೆಣೆಯುತ್ತಾರೆ. 2023ರ ಜನವರಿಯಲ್ಲಿ 86ನೆಯ ಸಾಹಿತ್ಯ ಸಮ್ಮೇಳನ ಇಲ್ಲೇ ಆದಾಗ ‘ಏಲಕ್ಕಿ ಕಂಪಿನ ನಾಡು’ ಎಂಬ ಮಾತು ನಾಡೆಲ್ಲ ಓಡಾಡಿತು. ಟಿವಿಯಲ್ಲಿ ಬಂದ ಏಲಕ್ಕಿ ಬೇರೆ. ಸೂಟು ಹಾಕಿದ ನಟ ಬೆಳ್ಳಿಬಣ್ಣದ ಡಬ್ಬಿಯಿಂದ ಒಂದು ಕಾಳು ತೆಗೆದು ಬಾಯಿಗೆ ಹಾಕಿಕೊಂಡ, ಆಕಾಶದಲ್ಲಿ ಹೆಲಿಕಾಪ್ಟರು ಹಾರಿತು. ಅಪ್ಪ ತಟ್ಟನೆ ಗುಟ್ಕಾದ ಹೆಸರು ಹೇಳಿದ.

ಇದಕ್ಕೆ ಬದಲಿ ಜಾಹೀರಾತು ಎನ್ನುತ್ತಾರೆ. ತಂಬಾಕು ಮತ್ತು ಹೆಂಡವನ್ನು ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಟಿವಿಯಲ್ಲಿ ಹೊಗಳಬಾರದು ಎಂದು ಕೇಬಲ್ ನಿಯಮಗಳು ಹೇಳುತ್ತವೆ. ಕರ್ನಾಟಕ 2013ರ ಮೇ ತಿಂಗಳಲ್ಲಿ ಗುಟ್ಕಾ ಮಾರಾಟವನ್ನೇ ನಿಷೇಧಿಸಿತು. 2022ರ ಜೂನ್‌ನಲ್ಲಿ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಬದಲಿ ಜಾಹೀರಾತು ಕೂಡದು ಎಂದು ಮತ್ತೆ ಬರೆಯಿತು. ಆದರೂ ಅದೇ ಹೆಸರು, ಅದೇ ಬಣ್ಣ, ಅದೇ ಅಕ್ಷರದಲ್ಲಿ ಏಲಕ್ಕಿಯೋ ಸೋಡಾವೋ ಬಂದರೆ, ಬಲ್ಲವರಿಗೆ ಬಲ್ಲದ್ದು ಕಾಣುತ್ತದೆ. ಗುರಿಯ ಕಲೆ ಅತ್ಯಂತ ಚೊಕ್ಕವಾಗಿ ಕೆಲಸ ಮಾಡುವುದು ಇಲ್ಲಿ: ಅಮ್ಮನಿಗೆ ಏಲಕ್ಕಿ, ಅಪ್ಪನಿಗೆ ಗುಟ್ಕಾ. ನನ್ನ ವೃತ್ತಿಯಲ್ಲಿ ನಾನು ಎಂದೂ ಬರೆಯಬಾರದೆಂದು ತೀರ್ಮಾನಿಸಿರುವುದು ಇದೊಂದನ್ನು.

8. ಬಿಳುಪು ಹೋಯಿತು, ಹೊಳಪು ಬಂತು.

1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ ಕ್ರೀಮು 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಅದಕ್ಕೂ ಮುಂಚೆ 2014ರಲ್ಲಿ ಜಾಹೀರಾತು ಮಾನದಂಡಗಳ ಮಂಡಳಿ, ಕಪ್ಪು ಮೈಯವರನ್ನು ಮದುವೆಯಲ್ಲಿ ಕೆಲಸದಲ್ಲಿ ಸೋತವರಂತೆ ತೋರಿಸಬಾರದು ಎಂದಿತ್ತು. ಪದ ಬದಲಾಯಿತು, ಒಳ್ಳೆಯದೇ. ಅಮ್ಮ ಮಾತ್ರ ಇನ್ನೂ ನನಗೆ ‘ಬಿಸಲಾಗ ತಿರಗಬ್ಯಾಡ’ ಎನ್ನುತ್ತಾಳೆ.

9. ಹಾಲಿನ ಜಾಹೀರಾತು ಬಂತು. ಅಮ್ಮ ಅಪ್ಪುವನ್ನು ನೆನೆದಳು.

ಡಾ. ರಾಜ್‌ಕುಮಾರ್ ನಂದಿನಿ ಹಾಲಿಗಾಗಿ ಹಣ ಪಡೆಯದೆ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಮಗ ಪುನೀತ್, ಎಲ್ಲರ ಅಪ್ಪು, ಕೂಡ ಅದೇ ದಾರಿ ಹಿಡಿದರು. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡ ದಿನ ನಮ್ಮ ಓಣಿಯಲ್ಲಿ ಒಲೆ ಹಚ್ಚದ ಮನೆಗಳಿದ್ದವು. ಅಮ್ಮ ಡೇರಿಗೆ ದಿನಾ ಎರಡು ಹೊತ್ತು ಹಾಲು ಹಾಕುವವಳು. ಹಾಲಿನ ಜಾಹೀರಾತು ಬಂದರೆ ಅವಳು ಗಿರಾಕಿಯಾಗಿ ನೋಡುವುದಿಲ್ಲ, ಒಡತಿಯಾಗಿ ನೋಡುತ್ತಾಳೆ. ‘ನಮ್ಮ ಹಾಲು’ ಎನ್ನುತ್ತಾಳೆ. ಆ ಸಂಜೆಯ ಎಲ್ಲ ಜಾಹೀರಾತುಗಳಲ್ಲಿ ಅವಳ ಎದೆಗೆ ನಾಟಿದ್ದು ಇದೊಂದೇ. ಯಾವ ವಯಸ್ಸಿನ ಲೆಕ್ಕವೂ ಇಲ್ಲದೆ ನಾಟಿತು.

ಇದರ ಪಕ್ಕದಲ್ಲಿಟ್ಟು ನೋಡಬೇಕಾದದ್ದು 2025ರ ಮೇ ತಿಂಗಳ ಸಂಗತಿ. ಮೈಸೂರು ಸ್ಯಾಂಡಲ್ ಸೋಪಿನ ರಾಯಭಾರಿಯಾಗಿ ನಟಿ ತಮನ್ನಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ನೇಮಿಸಿದಾಗ, ಕನ್ನಡದ ನಟಿಯರು ಇರಲಿಲ್ಲವೇ ಎಂದು ನಾಡಿನಲ್ಲಿ ದೊಡ್ಡ ಚರ್ಚೆಯಾಯಿತು. ಕರ್ನಾಟಕದ ಹೊರಗಿನ ಮಾರುಕಟ್ಟೆಯನ್ನು ಹಿಡಿಯಲು ಹೀಗೆ ಮಾಡಿದೆವು ಎಂದು ಸಚಿವ ಎಂ.ಬಿ. ಪಾಟೀಲರು ಉತ್ತರ ಕೊಟ್ಟರು. ಪಾಠದ ಪ್ರಕಾರ ಅವರ ಮಾತು ಸರಿ: ಗುರಿ ಹೊರಗಿದ್ದರೆ ಮುಖವೂ ಹೊರಗೆ ಗೊತ್ತಿರುವಂಥದ್ದೇ ಬೇಕು. ಆದರೆ 1916ರಲ್ಲಿ ಮೈಸೂರಿನಲ್ಲಿ ಶುರುವಾದ ಗಂಧದೆಣ್ಣೆ ಕಾರ್ಖಾನೆಯ ಬೆನ್ನಿಗೆ ಹುಟ್ಟಿ, ನೂರಕ್ಕೂ ಹೆಚ್ಚು ವರ್ಷ ಕನ್ನಡದ ಬಚ್ಚಲುಗಳಲ್ಲಿ ಇದ್ದ ಸಾಬೂನು ಅದು. ಅದನ್ನು ಇಷ್ಟು ಕಾಲ ಕೊಂಡವರಿಗೂ ಒಂದು ಮಾತು ಹೇಳಬೇಕಿತ್ತು ಎಂದು ನನಗನಿಸುತ್ತದೆ. ಹೊಸಬರನ್ನು ಕರೆಯುವಾಗ ಮನೆಯವರಿಗೆ ಬೆನ್ನು ಮಾಡಿದಂತೆ ಕಂಡದ್ದರಿಂದ ಎದ್ದ ಸಿಟ್ಟು ಅದು.

10. ಇರುವೆ ಸಾಲಿನಂಥ ಅಕ್ಷರ, ಓದುವಷ್ಟರಲ್ಲಿ ಇಲ್ಲ.

ಪರದೆಯ ತಳದಲ್ಲಿ ಓಡುವ ಷರತ್ತುಗಳ ಬಗ್ಗೆ ಈ ಸಾಲು. ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಅದೇ 2022ರ ಮಾರ್ಗಸೂಚಿ ಸ್ಪಷ್ಟವಾಗಿದೆ: ಜಾಹೀರಾತಿನ ಭರವಸೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿ ಇರಬೇಕು. ಆ ಸಂಜೆ ಭರವಸೆಗಳೆಲ್ಲ ಕನ್ನಡದಲ್ಲಿ ದೊಡ್ಡ ದನಿಯಲ್ಲಿ ಬಂದವು. ಷರತ್ತುಗಳಲ್ಲಿ ಎಷ್ಟೋ ಇಂಗ್ಲಿಷಿನಲ್ಲಿ, ಬಿಳಿಯ ಮೇಲೆ ಬೂದು ಬಣ್ಣದಲ್ಲಿ ಓಡಿದವು. ನಾನು ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತೆ. ಒಂದು ಬಾರಿ ‘ಸೃಷ್ಟಿಸಿದ ದೃಶ್ಯ’ ಎಂಬುದಷ್ಟು ಸಿಕ್ಕಿತು. ಅಮ್ಮನ ಕಣ್ಣಿನಲ್ಲಿ ಪೊರೆ ಬಂದಿದೆ. ಅವಳಿಗೆ ತಳದಲ್ಲಿ ಅಕ್ಷರ ಇದ್ದದ್ದೇ ಗೊತ್ತಿಲ್ಲ.

ಗಂಟೆಗೆ ಹನ್ನೆರಡು ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಕೂಡದು, ಅದರಲ್ಲಿ ಹತ್ತು ವ್ಯಾಪಾರದ್ದು, ಎರಡು ಚಾನೆಲ್ಲಿನ ಸ್ವಂತದ್ದು ಎಂಬ ನಿಯಮವೂ ಇದೆ. ನಿಮಿಷದ ನಿಯಮಕ್ಕಿಂತ ಅಕ್ಷರದ ನಿಯಮ ನನಗೆ ಹೆಚ್ಚು ಮುಖ್ಯ. ಹೊತ್ತು ಹೋದರೆ ಅಮ್ಮ ಶೇಂಗಾ ಸುಲಿದು ಅದನ್ನು ತುಂಬಿಕೊಳ್ಳುತ್ತಾಳೆ. ಓದಲಾಗದ ಷರತ್ತಿನಿಂದ ಹೋದದ್ದನ್ನು ಅವಳು ತುಂಬಿಕೊಳ್ಳಲಾರಳು.

11. ಬೀಜದ ಜಾಹೀರಾತು ಬರಲೇ ಇಲ್ಲ. ಅಪ್ಪ ಗೋಡೆ ಓದಿ ಬಂದಿದ್ದ.

ಬಿತ್ತನೆಯ ದಿನಗಳು. ಗೋವಿನಜೋಳ, ಹತ್ತಿ ಯಾವುದು ಹಾಕುವುದು ಎಂಬುದೇ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಖರ್ಚಿನ ಮಾತು. ಶಾಂಪೂವಿಗೂ ಬಿಸ್ಕೀಟಿಗೂ ವರ್ಷವೆಲ್ಲ ಕೊಡುವುದಕ್ಕಿಂತ ಹೆಚ್ಚು ದುಡ್ಡು ಅಪ್ಪ ಒಂದೇ ದಿನ ಬೀಜ ಗೊಬ್ಬರಕ್ಕೆ ಎಣಿಸಿ ಕೊಡುತ್ತಾನೆ. ಮೂರು ಗಂಟೆಯಲ್ಲಿ ಅದರ ಬಗ್ಗೆ ಒಂದೂ ಜಾಹೀರಾತು ಬರಲಿಲ್ಲ. ಅವು ಗೋಡೆಯ ಮೇಲಿವೆ, ಬಸ್‌ಸ್ಟ್ಯಾಂಡಿನ ಎದುರು, ಸೊಸೈಟಿಯ ಕಟ್ಟೆಯ ಮೇಲೆ, ಮೈಕು ಕಟ್ಟಿಕೊಂಡು ಓಡಾಡುವ ಜೀಪಿನಲ್ಲಿ. ಅಲ್ಲಿ ಅಪ್ಪನನ್ನು ಸರಿಯಾಗಿ ಹುಡುಕಿ, ‘ರೈತ ಬಾಂಧವರೇ’ ಎಂದು ಕರೆದು ಮಾತಾಡುತ್ತಾರೆ.

12. ‘ಇವರು ಯಾರ ಕೂಡ ಮಾತಾಡಾಕತ್ತಾರ?’

ಈ ಸಾಲು ನನ್ನದಲ್ಲ, ಅಮ್ಮನದು. ಒಂಬತ್ತೂವರೆಗೆ ಮೊರ ಖಾಲಿ ಮಾಡಿ ಸಿಪ್ಪೆ ಕೊಡವಿಕೊಳ್ಳುತ್ತ ಕೇಳಿದಳು. ದೂರಿನ ದನಿಯಲ್ಲಿ ಅಲ್ಲ, ತಿಳಿಯಬೇಕೆಂಬ ದನಿಯಲ್ಲಿ. ನಾನು ಹೇಳಲು ಹೊರಟೆ: 25ರಿಂದ 44, ಪೇಟೆ, ಏ ದರ್ಜೆ. ಹೇಳುತ್ತ ಹೋದಂತೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಪಟ್ಟಿಯ ಜೊತೆಗೆ ನಮಗೆ ಇನ್ನೊಂದು ಕೆಲಸವಿತ್ತು: ಆ ಮೂರು ಗಂಟೆಯಲ್ಲಿ ಯಾರೂ ಮಾತಾಡಿಸದ ಒಬ್ಬರಿಗಾಗಿ ಮೂವತ್ತು ಸೆಕೆಂಡಿನ ಜಾಹೀರಾತು ಬರೆಯುವುದು. ಕಣ್ಣಿನ ಪೊರೆಯ ತಪಾಸಣೆಯನ್ನು ಆರಿಸಿಕೊಂಡಿದ್ದೆ. ಮೊದಲ ಸಾಲು ಆಗಲೇ ಬರೆದಿದ್ದೆ: ‘ಹಿರಿಯ ನಾಗರಿಕರೇ, ಇಂದೇ ಪರೀಕ್ಷಿಸಿಕೊಳ್ಳಿ ನಿಮ್ಮ ಕಣ್ಣುಗಳನ್ನು.’ ಅವಳಿಗೆ ಓದಿ ಹೇಳಿದೆ.

‘ಹಂಗಂದ್ರ ಯಾರು?’ ಅಂದಳು.

‘ನೀನು.’

‘ನಾ ಯಾವಾಗ ನಾಗರಿಕ ಆದ್ನಿ?’

ಪುಟ ನೋಡಿದೆ. ಕ್ರಿಯಾಪದ ಮುಂದೆ ಬಂದು ಕೂತಿತ್ತು. ಐದನೆಯ ಸಾಲಿನಲ್ಲಿ ನಾನು ತಪ್ಪೆಂದದ್ದೇ ನನ್ನ ಕೈಯಲ್ಲೂ ಆಗಿತ್ತು. ಅಡ್ಡ ಗೀಟು ಎಳೆದು, ಕೆಳಗೆ ಬರೆದು, ಈ ಸಲ ಟಿವಿಯ ದನಿ ತಗ್ಗಿಸಿ ಓದಿದೆ: ‘ಅಮ್ಮಾ, ಕಣ್ಣು ತೋರಿಸ್ಕೊಂಡು ಬರೂಣು ಬಾ.’

ಅಮ್ಮ ಮೊರವನ್ನು ಗೋಡೆಗೆ ಒರಗಿಸಿ ‘ಯಾವತ್ತು?’ ಅಂದಳು.